ಹೊಳೆಪ್ಪನ ಹೊಲದಲ್ಲಿ ತೆರೆದ ಕುಣಿ

1984ರ ಮಾರ್ಚ್ 5, ಸೋಮವಾರ. ನವಲಗುಂದ ಪೊಲೀಸ್ ಠಾಣೆಯ ಮೆಟ್ಟಿಲ ಮೇಲೆ ಮೊರಬದ ಹೊಳೆಪ್ಪ ಬೆಳಗಿನಿಂದ ಕುಳಿತಿದ್ದ. ಒಳಗೆ ಬಾ ಎಂದರೆ ಏಳಲಿಲ್ಲ, ಹೋಗು ಎಂದರೂ ಏಳಲಿಲ್ಲ. ಕೊನೆಗೆ ಹವಾಲ್ದಾರ ಬೀರಲಿಂಗಪ್ಪನೇ ಹೊರಗೆ ಬಂದು ಅವನೆದುರು ನಿಂತ.

"ಯಾರರ ಹೊಡದಾರೇನು?"

"ಇಲ್ರಿ."

"ಕಳುವಾಗೇತಿ?"

"ಅದೂ ಅಲ್ರಿ. ನನ್ನ ಹೇಣ್ತಿ ಎದ್ದು ಹೋಗ್ಯಾಳ್ರಿ."

"ತವರಮನಿಗೆ ಹೋಗಿರತಾಳ ತಗೋ. ಏನು ಜಗಳಾ ತಗದಿದ್ದಿ?"

"ಆಕಿ ಸತ್ತು ಇಪ್ಪತ್ತು ದಿನಾ ಆತ್ರಿ," ಎಂದ ಹೊಳೆಪ್ಪ.

ಬೀರಲಿಂಗಪ್ಪ ಅವನ ಬಾಯಿಯ ವಾಸನೆ ನೋಡಿದ. ಕುಡಿದಿರಲಿಲ್ಲ. ರಟ್ಟೆ ಹಿಡಿದು ಒಳಗೆ ಕರೆತಂದ.

ಸಬ್ ಇನ್‌ಸ್ಪೆಕ್ಟರ್ ಜಹೀರುದ್ದೀನ ಟಪಾಲು ನೋಡುತ್ತಿದ್ದರು. ಈ ಭಾಗದ ಜನ ಅವರನ್ನು ಹುದ್ದೆಯಿಂದಲೇ ಕರೆಯುತ್ತಿದ್ದರು: ಫೌಜದಾರ್ರು. ಹೊಳೆಪ್ಪ ನಿಂತುಕೊಂಡೇ ಹೇಳಿದ. ಹೆಂಡತಿ ನಿಂಬೆವ್ವನನ್ನು ತಮ್ಮ ಹೊಲದಲ್ಲೇ ಮಣ್ಣು ಮಾಡಿದ್ದರು. ಇಂದು ಮುಂಜಾನೆ ದನ ಹೊಡೆದುಕೊಂಡು ಹೋದವರು ಕುಣಿ ತೆರೆದದ್ದನ್ನು ಕಂಡರು. ದಂಡೆಯ ಮೇಲೆ ಅವಳ ಕೈಯ ತೊಗಲು ಬಿದ್ದಿತ್ತು.

"ತೊಗಲು?" ಎಂದರು ಜಹೀರುದ್ದೀನ.

"ಹಾವು ಪೊರಿ ಬಿಟ್ಟಂಗ್ರಿ. ಐದೂ ಬೆರಳು ಅದಾವು. ಮಣ್ಣು ಮಾಡೂ ಮುಂದ ಹಚ್ಚಿದ ವಿಭೂತಿ ಇನ್ನೂ ಹಂಗ ಐತ್ರಿ."

ನಿಂಬೆವ್ವ ಎಂಬ ಹೆಸರು ಜಹೀರುದ್ದೀನರಿಗೆ ಹೊಸದಾಗಿರಲಿಲ್ಲ. ಹಿಂದಿನ ವಾರ ಅವಳ ತಾಯಿ, ಅಣ್ಣಿಗೇರಿಯ ಸುಶೀಲವ್ವ, ಒಂದು ಅರ್ಜಿ ಕೊಟ್ಟಿದ್ದಳು: ಬಾಣಂತಿ ಮಗಳಿಗೆ ಅತ್ತೆ ಮಲ್ಲಕ್ಕ ಊಟದಲ್ಲಿ ಏನೋ ಹಾಕಿ ಕೊಂದಿದ್ದಾಳೆ, ಹೆಣ ತೆಗೆಸಿ ನೋಡಬೇಕು. ಜಹೀರುದ್ದೀನ ಬೀರಲಿಂಗಪ್ಪನನ್ನು ಹೆರಿಗೆ ಮಾಡಿಸಿದ ಡಾಕ್ಟರರ ಬಳಿ ಕಳಿಸಿದ್ದರು. ಬಾಣಂತಿ ಜ್ವರದಿಂದ ಸತ್ತಿದ್ದಾಳೆ ಎಂದು ಡಾಕ್ಟರು ಬರೆದುಕೊಟ್ಟಿದ್ದರು. ಅರ್ಜಿ ಅಲ್ಲಿಗೇ ನಿಂತಿತ್ತು.

ಸಮಾಧಿ ಸ್ಥಳದ ಅತಿಕ್ರಮಣವೆಂದು ಕಲಂ 297ರ ಅಡಿ ಎಫ್‌ಐಆರ್ ದಾಖಲಿಸಿ ಅವರು ಜೀಪು ತೆಗೆಸಿದರು.

ಜೋಳ ಕೊಯ್ದ ಎರೆಹೊಲ. ಕೂಳೆ ನಿಂತ ಕಪ್ಪು ನೆಲ ಬಿಸಿಲಿಗೆ ಬಿರಿದು ಬಾಯಿ ಬಿಟ್ಟಿತ್ತು. ಊರಿನ ಗಂಡಸರು ಬದುವಿನಾಚೆಯೇ ನಿಂತಿದ್ದರು. ಕುಣಿಯ ಪಕ್ಕ ಒಂದು ಬುಟ್ಟಿ ಕವುಚಿ ಮೇಲೆ ಕಲ್ಲು ಹೇರಿದ್ದರು.

"ಬುಟ್ಟಿ ಯಾಕ?" ಕೇಳಿದ ಬೀರಲಿಂಗಪ್ಪ.

"ಹೋಗಬಾರದಂತ್ರಿ," ಎಂದಿತು ಬದುವಿನಾಚೆಯ ಒಂದು ದನಿ.

"ಏನ್ ಹೋಗಬಾರದು?"

ಬದುವಿನಾಚೆಯವರು ಬುಟ್ಟಿಯತ್ತ ಬೆರಳು ಮಾಡಿದರು. ಬೀರಲಿಂಗಪ್ಪ ನಗುವವನಂತೆ ಬಾಯಿ ತೆರೆದು, ನಗದೆ, ಕಲ್ಲು ಸರಿಸಿ ಬುಟ್ಟಿ ಎತ್ತಿದ.

ಅದು ಅಲ್ಲೇ ಇತ್ತು. ಬಿಳಚಿದ, ಸುಕ್ಕುಗಟ್ಟಿದ ಒಂದು ಕೈ. ಮೂರು ಬೆರಳು ನೆಟ್ಟಗಿದ್ದವು, ಎರಡು ಒಳಮಗ್ಗುಲಾಗಿ ಮಡಚಿದ್ದವು. ಮಡಿಕೆಗಳಲ್ಲಿ ಬಿಳಿಯ ಪುಡಿ ಕುಳಿತಿತ್ತು. ಗಾಳಿ ಬಂದಾಗ ಬೆರಳೊಂದು ಮೆಲ್ಲನೆ ಅಲುಗಿತು. ಬೀರಲಿಂಗಪ್ಪ ಒಂದು ಹೆಜ್ಜೆ ಹಿಂದೆ ಸರಿದ.

ಜಹೀರುದ್ದೀನ ಕುಳಿತು ಜೋಳದ ದಂಟಿನಿಂದ ಅದನ್ನು ಹೊರಳಿಸಿದರು. ಹೆಬ್ಬೆರಳ ಬುಡದಲ್ಲಿ ನಾಣ್ಯದಷ್ಟಗಲದ ಕೆಂಪು ತೇಪೆ ಕಂಡಿತು.

"ತೊಗಲಲ್ಲ. ರಬ್ಬರು. ಆಪರೇಶನ್ ಮಾಡೂವಾಗ ಡಾಕ್ಟ್ರು ಹಾಕ್ಕೋತಾರಲ್ಲ, ಆ ಕೈಗವಸು."

"ಸೈಕಲ್ ಪಂಚೇರ್ ತಿದ್ದಿದಂಗ ತಿದ್ಯಾರಲ್ರಿ ಇದನ್ನ," ಎಂದ ಬೀರಲಿಂಗಪ್ಪ. ಅವನಿಗೆ ಉಸಿರು ಮರಳಿತ್ತು. ಬದುವಿನತ್ತ ತಿರುಗಿ, "ಬರ್ರೋ, ನಿಮ್ಮ ದೆವ್ವಕ್ಕ ತ್ಯಾಪಿ ಹಚ್ಯಾರ," ಎಂದ.

ಆದರೂ ಯಾರೂ ಹತ್ತಿರ ಬರಲಿಲ್ಲ. "ಕೈ ರಬ್ಬರದ್ದ ಇರಲಿ. ಕುಣಿ ಯಾರು ತಗದ್ರು?" ಎಂದಿತು ಅದೇ ದನಿ.

ಜಹೀರುದ್ದೀನ ಕುಣಿಗೆ ಇಳಿದರು. ಎದೆಯವರೆಗೂ ಆಳ. ಅಗೆದವರು ನಟ್ಟನಡುವೆ ನೆಟ್ಟಗೆ ಕೆಳಗಿಳಿದಿದ್ದರು. ತಳದಲ್ಲಿ ಬರೀ ಮಣ್ಣು. ಬಲಗಡೆಯ ಗೋಡೆಯಲ್ಲಿ ಮಾತ್ರ ಹಸಿಮಣ್ಣಿನ ಹೆಂಟೆಗಳನ್ನು ಒತ್ತೊತ್ತಾಗಿ ಇಟ್ಟು ಮೆತ್ತಿದ ಒಂದು ಭಾಗವಿತ್ತು. ಮೆತ್ತಿದವರ ಬೆರಳಿನ ಗುರುತು ಅದರ ಮೇಲೆ ಒಣಗಿ ಉಳಿದಿತ್ತು. ಸಲಿಕೆ ಅದಕ್ಕೆ ತಾಗಿರಲಿಲ್ಲ.

"ಹೊಳೆಪ್ಪಾ, ಗೂಡು ಈ ಕಡೆ ಏನು?"

"ಹೌದ್ರಿ. ಕುಣಿ ತಗದು, ಬಾಜೂಕ ಗೂಡು ಕೊರದು, ಅದರಾಗ ಕುಂಡ್ರಸ್ತೇವ್ರಿ. ಉಪ್ಪು, ಪತ್ರಿ, ವಿಭೂತಿ ತುಂಬಿ ಬಾಯಿ ಮುಚ್ಚತೇವಿ. ನಡುವ ಬರೇ ಮಣ್ಣು."

"ಮುಚ್ಚಿದ ಬಾಯಿ ಮುಚ್ಚಿದಂಗ ಐತಿ ನೋಡು. ನಿನ್ನ ಹೇಣ್ತಿ ಎಲ್ಲೂ ಹೋಗಿಲ್ಲ."

ಹಾಗೆಂದವರು ಒಂದು ಕ್ಷಣ ಅಲ್ಲೇ ನಿಂತರು. ಮೇಲೆ ಬಿಸಿಲು ಕುದಿಯುತ್ತಿದ್ದರೂ ಕುಣಿಯೊಳಗೆ ತಂಪಿತ್ತು. ಒಂದು ಗೇಣು ಮಣ್ಣಿನಾಚೆ ಒಬ್ಬ ಹೆಂಗಸು ಪದ್ಮಾಸನ ಹಾಕಿ, ಅಂಗೈಯಲ್ಲಿ ಲಿಂಗ ಹಿಡಿದು, ತಮ್ಮ ಕಡೆಗೇ ಮುಖ ಮಾಡಿ ಕುಳಿತಿದ್ದಾಳೆ. ಆ ವಿಚಾರ ಬಂದದ್ದೇ ಅವರು ಕೈಯೂರಿ ಮೇಲೆ ಹತ್ತಿದರು.

ಪಂಚರ ಎದುರು ಪಂಚನಾಮೆ ಬರೆಸುತ್ತ ಅವರು ಬೀರಲಿಂಗಪ್ಪನಿಗೆ ಹೇಳಿದರು: "ಕಳ್ಳ ಅಲ್ಲ. ಇವರು ಬಂಗಾರ ಹಾಕಿ ಮಣ್ಣು ಮಾಡಂಗಿಲ್ಲ ಅಂತ ಸುತ್ತಿನ ಹಳ್ಳ್ಯಾಗ ಎಲ್ಲಾರಿಗೂ ಗೊತ್ತೈತಿ. ಈ ಕಡೆ ಮಣ್ಣು ಮಾಡೂದನ್ನ ಒಂದ ಸಲ ನೋಡಿದವನಾದ್ರೂ ಗೂಡು ಒಡೀತಿದ್ದ. ಇವಗ ಹೆಣಾ ಬೇಕಾಗಿತ್ತು, ಆದ್ರ ಇಲ್ಲಿ ಸತ್ತವರು ಎಲ್ಲಿ ಕುಂಡ್ರತಾರ ಅನ್ನೂದು ಗೊತ್ತಿದ್ದಿಲ್ಲ."

ಕುಣಿಗೆ ಇಬ್ಬರು ಪೇದೆಗಳ ಕಾವಲಿಟ್ಟರು.

ಹೊಳೆಪ್ಪನ ಮನೆಯ ಪಡಸಾಲೆಯಲ್ಲಿ ಅವನ ತಾಯಿ ಮಲ್ಲಕ್ಕ ಒಬ್ಬಳೇ ಇದ್ದಳು. ನೆರೆಯವರು ಕಿಟಕಿಯಲ್ಲಿ ಮುಖ ತೋರಿಸಿದರೇ ಹೊರತು ಒಳಗೆ ಬರಲಿಲ್ಲ.

"ಸೊಸಿಗೆ ಏನು ಉಣಸ್ತಿದ್ದಿ?" ಜಹೀರುದ್ದೀನ ಕೇಳಿದರು.

"ಮೆತ್ತನ್ನ ಅನ್ನ, ಬಳ್ಳೊಳ್ಳಿ ಹಾಕಿದ ಸಾರು. ಅಂಟಿನ ಉಂಡಿ ಕಟ್ಟಿದ್ನಿ, ಆಕಿ ಒಂದೂ ತಿನ್ಲಿಲ್ಲ. ಹೊಟ್ಟ್ಯಾಗ ಜಾಗಾ ಇಲ್ಲತ್ತಿ ಅಂತಿದ್ಲು."

"ಅಂದ್ರ?"

"ಹೊಟ್ಟಿ ಕೊಯ್ದು ಕೂಸು ತಗದ್ರಲ್ರಿ. ಅದಾದ ಮ್ಯಾಲೆ ಹೊಟ್ಟಿ ಇಳೀಬೇಕು. ಇಳೀಲೇ ಇಲ್ಲ. ಹಡದ ಮ್ಯಾಲೂ ಬಸರಿದ್ದಂಗ ಇದ್ಲು. ಜ್ವರಾ ಏರಿದಾಗ, ಅತ್ತಿ, ಒಳಗ ಇನ್ನೂ ಯಾರೋ ಕುಂತಾರ, ಎಬ್ಬಸರಿ ಅಂತಿದ್ಲು."

"ಡಾಕ್ಟರ ಕಡೆ ಒಯ್ಯಲಿಲ್ಲ?"

"ಎರಡ ಸಲ ಒಯ್ದೇವ್ರಿ. ಮೊದಲನೇ ಸಲ ವಾಯು ಅಂದ್ರು. ಎರಡನೇ ಸಲ ಹೊಟ್ಟಿ ಒತ್ತಿ ನೋಡಿದ್ರು." ಮಲ್ಲಕ್ಕ ತನ್ನ ಕೈಯನ್ನು ಥಟ್ಟನೆ ಎದೆಗೆ ಎಳೆದುಕೊಂಡು ತೋರಿಸಿದಳು. "ಹಿಂಗ ತಗೊಂಡ್ರು ಕೈ. ಕಾದ ಹಂಚು ಮುಟ್ಟಿದಂಗ. ಆಮ್ಯಾಲೆ ಇಂಜೆಕ್ಷನ್ ಮಾಡಿ, ಮನಿಗೆ ಕರಕೊಂಡು ಹೋಗ್ರಿ ಅಂದ್ರು."

"ಕೂಸು ಎಲ್ಲೈತಿ?"

"ಬೀಗತಿ ಒಯ್ದಾಳ. ಮಗಳನ್ನ ಕೊಂದ ಕೈಯಾಗ ಮೊಮ್ಮಗನ್ನ ಕೊಡಂಗಿಲ್ಲ ಅಂತ ಊರ ಅಗಸಿ ಬಾಗಲದಾಗ ನಿಂತು ಊರಿಗೆಲ್ಲಾ ಕೇಳೂವಂಗ ಹೇಳಿ ಹೋದ್ಲು." ಮಲ್ಲಕ್ಕ ಕಿಟಕಿಯಲ್ಲಿದ್ದ ಮುಖಗಳತ್ತ ನೋಡಿದಳು. "ಇವತ್ತು ಕುಣಿ ತೆರದೈತಿ. ನನ್ನ ಸಲುವಾಗೇ ಎದ್ದು ಬಂದಾಳಂತ ಮಂದಿ ಅನ್ನಾಕತ್ತಾರ. ಬೇಕಂದ್ರ ನನ್ನ ಜೇಲಿಗೆ ಹಾಕ್ರಿ, ಫೌಜದಾರ್ರ. ಆದ್ರ ಆ ಕೂಸು ದೊಡ್ಡದಾದ ಮ್ಯಾಲೆ ಅವ್ವ ಹ್ಯಾಂಗ ಸತ್ಲು ಅಂತ ಕೇಳತೈತಿ. ಅದಕ್ಕ ಏನು ಹೇಳಬೇಕು, ಅದನ್ನ ಮೊದಲ ಖಾತ್ರಿ ಮಾಡ್ರಿ."

ಡಾ. ದಿನಕರ ಮಾಜಾಳಿಕರರ ಆಸ್ಪತ್ರೆ ನವಲಗುಂದದ ಬಸ್‌ಸ್ಟ್ಯಾಂಡಿನ ಹಿಂದಿತ್ತು. ಕಾರವಾರ ಕಡೆಯವರು, ಈ ಸೀಮೆಗೆ ಬಂದು ಹನ್ನೆರಡು ವರ್ಷ. ಜಗಲಿಯ ತುಂಬ ಬಸುರಿಯರು, ಅವರ ತಾಯಂದಿರು, ಅತ್ತೆಯರು. ರೊಟ್ಟಿಗಂಟು ಬಿಚ್ಚಿಕೊಂಡು ಕೂತಿದ್ದರು.

"ಇವರ ಕೈಗುಣಾ ಹಂಗೈತ್ರಿ," ಎಂದ ಬೀರಲಿಂಗಪ್ಪ ತಗ್ಗಿದ ದನಿಯಲ್ಲಿ. "ನನ್ನ ಮಗಳ ಹೆರಿಗೀನೂ ಇಲ್ಲೇ ಆತು. ಇವರು ಮುಟ್ಟಿದ್ರ ಸಾಕು, ಅರ್ಧಾ ಹಡದಂಗ ಅಂತಾರ ಹೆಣ್ಮಕ್ಕಳು."

ಡಾಕ್ಟರು ಒಳಕೋಣೆಯಲ್ಲಿದ್ದರು. ಐವತ್ತರ ಆಸುಪಾಸು, ಬಿಗಿದ ತುಟಿ, ನಿದ್ದೆಗೆಟ್ಟ ಕಣ್ಣು. ಬಲಗೈಗೆ ಪಟ್ಟಿ ಸುತ್ತಿತ್ತು.

"ಕೈಗೇನಾತ್ರಿ?" ಎಂದರು ಜಹೀರುದ್ದೀನ.

"ಕುದಿಯುವ ನೀರು ಬಿತ್ತು."

"ಮೊರಬದ ನಿಂಬೆವ್ವ..."

"ಜ್ವರ. ಬರೆದುಕೊಟ್ಟಿದ್ದೇನಲ್ಲ."

"ನಿಮ್ಮ ರಬ್ಬರಿನ ಕೈಗವಸು ನೋಡಬೇಕಾಗಿತ್ತು."

ಡಾಕ್ಟರು ಹಿತ್ತಿಲಿನ ಬಾಗಿಲು ತೋರಿಸಿದರು. ಅಲ್ಲಿ ಹಗ್ಗದ ಮೇಲೆ ಸಾಲಾಗಿ ಕೈಗಳು ಒಣಗುತ್ತಿದ್ದವು. ಬೆರಳು ಕೆಳಗೆ ಮಾಡಿ ಜೋತುಬಿದ್ದ ಬಿಳಿಯ ಕೈಗಳು. ಆಯಾ ಮರೆವ್ವ ಕಟ್ಟೆಯ ಮೇಲೆ ಕುಳಿತು ಒಂದೊಂದನ್ನೇ ಬಾಯಿಗಿಟ್ಟು ಊದುತ್ತಿದ್ದಳು. ಊದಿದಂತೆ ಮಡಚಿದ್ದ ಬೆರಳುಗಳು ಒಂದೊಂದಾಗಿ ಎದ್ದು ನಿಲ್ಲುತ್ತಿದ್ದವು. ತೂತಿದ್ದದ್ದು ಸಿಳ್ಳಿನಂಥ ಸಣ್ಣ ದನಿ ಮಾಡಿ ಮತ್ತೆ ಮಡಚಿಕೊಳ್ಳುತ್ತಿತ್ತು. ಅದಕ್ಕೆ ಅವಳು ಕೆಂಪು ಟ್ಯೂಬಿನ ಚೂರು ಹಚ್ಚಿ, ಪಕ್ಕದ ಡಬ್ಬಿಯ ಬಿಳಿಪುಡಿ ಸವರುತ್ತಿದ್ದಳು.

"ಬ್ಯಾರೆ ದವಾಖಾನ್ಯಾಗೂ ಹಿಂಗ ತ್ಯಾಪಿ ಹಚ್ಚತಾರೇನು?" ಜಹೀರುದ್ದೀನ ಕೇಳಿದರು.

"ಅಲ್ಲೆ ಹರದದ್ದು ಒಗೀತಾರ್ರಿ. ನಮ್ಮ ಸಾಹೇಬ್ರು ಒಗ್ಯಾಕ ಬಿಡೂದಿಲ್ಲ."

ಜಹೀರುದ್ದೀನ ಹೊಲದಲ್ಲಿ ಸಿಕ್ಕಿದ್ದನ್ನು ತೆಗೆದು ಅವಳ ಮುಂದಿಟ್ಟರು. ಮರೆವ್ವ ತೇಪೆಯ ಮೇಲೆ ಹೆಬ್ಬೆರಳಾಡಿಸಿದಳು. ಬಾಗಿಲಲ್ಲಿ ನಿಂತಿದ್ದ ಡಾಕ್ಟರೇ ಮಾತಾಡಿದರು.

"ನಮ್ಮದೇ ಇರಬಹುದು. ಕಸದಿಂದ ನಾಯಿ ಎಳೆದುಕೊಂಡು ಹೋಗಿರುತ್ತದೆ."

"ಮೊರಬದ ತನಕ?"

ಡಾಕ್ಟರು ಒಳಗೆ ಹೋದರು.

ತಹಶೀಲ್ದಾರರ ಆದೇಶ ಸಿಕ್ಕಿತು. ಬುಧವಾರ ಮುಂಜಾನೆ ಅವರ ಸಮಕ್ಷಮದಲ್ಲಿ ಗೂಡು ತೆರೆಯುವುದೆಂದಾಯಿತು. ಹುಬ್ಬಳ್ಳಿಯಿಂದ ಪೊಲೀಸ್ ಸರ್ಜನ್ ಬಂದರು. ಸುಶೀಲವ್ವ ಕೂಸನ್ನು ಎತ್ತಿಕೊಂಡು ಕುಣಿಯ ಒಂದು ಕಡೆ ನಿಂತಳು, ಮಲ್ಲಕ್ಕ ಇನ್ನೊಂದು ಕಡೆ. ಒಬ್ಬರನ್ನೊಬ್ಬರು ನೋಡಲಿಲ್ಲ.

ಹೆಂಟೆ ಬಿಡಿಸುವ ಮೊದಲು ಹೊಳೆಪ್ಪ ಕುಣಿಯ ಅಂಚಿಗೆ ಬಂದು ಕುಕ್ಕರಗಾಲಲ್ಲಿ ಕುಳಿತ. "ನಿಂಬೆವ್ವಾ, ಸ್ವಲ್ಪ ತೊಂದ್ರಿ ಕೊಡ್ತೇವಿ. ಸಿಟ್ಟಾಗಬ್ಯಾಡ," ಎಂದ, ಮಲಗಿದವರನ್ನು ಎಬ್ಬಿಸುವಷ್ಟು ಸಣ್ಣ ದನಿಯಲ್ಲಿ.

ಗೂಡಿನ ಬಾಯಿ ತೆರೆದುಕೊಂಡಿತು. ಮೊದಲು ಉಪ್ಪು ಸುರಿಯಿತು. ಆಮೇಲೆ ಒಣಗಿದ ಬಿಲ್ವಪತ್ರೆ. ಉಪ್ಪಿನೊಳಗೆ ಅವಳು ಕೂರಿಸಿದಂತೆಯೇ ಕುಳಿತಿದ್ದಳು. ತಲೆ ಮಾತ್ರ ಸ್ವಲ್ಪ ಬಾಗಿತ್ತು, ಹೊಟ್ಟೆಯ ಕಡೆ ನೋಡುತ್ತಿರುವವರ ಹಾಗೆ.

ತಾಡಪತ್ರಿಯ ಮರೆಯಲ್ಲಿ ಸರ್ಜನ್ ಬಹಳ ಹೊತ್ತು ಕೆಲಸ ಮಾಡಿದರು. ಕೊನೆಗೆ ಜಹೀರುದ್ದೀನರನ್ನೂ ಪಂಚರನ್ನೂ ಒಳಗೆ ಕರೆದರು. ತಟ್ಟೆಯಲ್ಲಿ ಮುದ್ದೆಯಾದ ಬಟ್ಟೆಯೊಂದಿತ್ತು. ಮೂಲೆಯಿಂದ ಲಾಡಿಯ ತುಣುಕು ಜೋತುಬಿದ್ದಿತ್ತು.

"ಆಪರೇಶನ್ನಿನಲ್ಲಿ ರಕ್ತ ಒರೆಸುವ ಅರಿವೆ. ಕರುಳಿನ ನಡುವೆ ಉಳಿದು ಕೀವು ಕಟ್ಟಿದೆ. ಹೊಟ್ಟೆಯಲ್ಲಿದ್ದದ್ದನ್ನು ವಿಷದ ಪರೀಕ್ಷೆಗೂ ಕಳಿಸುತ್ತೇನೆ. ಆದರೆ ಇವಳನ್ನು ಕೊಂದದ್ದು ಇದು," ಎಂದರು ಸರ್ಜನ್.

"ಹಂಗಾದ್ರ ಕೇಸು ಆತ್ರಿ."

"ಆಗಲಿಲ್ಲ, ಫೌಜದಾರ್ರೆ. ಇದು ತಪ್ಪು. ತಪ್ಪೆಲ್ಲ ಅಪರಾಧವಲ್ಲ. ರಕ್ತ ಚಿಮ್ಮುವಾಗ ಎಂಥ ಡಾಕ್ಟರಿಗೂ ಹೀಗಾಗಬಹುದು ಎಂದು ಅವರ ವಕೀಲ ವಾದಿಸುತ್ತಾನೆ. ನಾನೂ ಹೌದು ಎನ್ನಬೇಕಾಗುತ್ತದೆ. ಒಳಗಿದೆ ಎಂದು ಅವರಿಗೆ ಗೊತ್ತಿತ್ತೇ? ಗೊತ್ತಿದ್ದೂ ಬಿಟ್ಟರೇ? ಅದು ನಿಮ್ಮ ಕೆಲಸ."

ಹೊರಗೆ ಪಂಚನಾಮೆ ಓದಿ ಹೇಳಿದರು. ಸುಶೀಲವ್ವ ಎಲ್ಲ ಕೇಳಿಸಿಕೊಂಡು, "ಅರಿವಿ?" ಎಂದಳು. ಮತ್ತೊಮ್ಮೆ, "ಅರಿವಿ?" ಎಂದಳು. ಮಲ್ಲಕ್ಕ ನೆಲ ನೋಡುತ್ತ ನಿಂತೇ ಇದ್ದಳು.

ಅಂದು ಮಧ್ಯಾಹ್ನ ಮರೆವ್ವನನ್ನು ಅವಳ ಮನೆಯಲ್ಲೇ ವಿಚಾರಿಸಿದರು.

"ಅರಿವಿ ಎಣಸೂದು ಯಾರು?"

"ನಾನ್ರಿ. ಹೊಲಿಗಿ ಹಾಕೂಕಿಂತ ಮೊದಲ ಎಣಸಬೇಕು."

"ನಿಂಬೆವ್ವನ ದಿನಾ?"

ಮರೆವ್ವ ಸೆರಗಿನ ತುದಿ ಸುತ್ತತೊಡಗಿದಳು. "ಒಂದು ಕಡಿಮಿ ಬಂತು. ಹೇಳಿದ್ನಿ. ಬಾಜೂ ಕೋಲ್ಯಾಗ ಇನ್ನೊಬ್ಬಾಕಿ ಬ್ಯಾನಿ ತಿನ್ನಾಕತ್ತಿದ್ಲು. ಬಕೇಟಿನ್ಯಾಗ ಇರತೈತಿ ತಗೋ ಅಂದ್ರು, ಹೊಲದ್ರು. ಆಮ್ಯಾಲೆ ಬಕೇಟು ಸುರುವಿ ನೋಡಿದ್ನಿ. ಇದ್ದಿಲ್ಲ."

"ಅದನ್ನೂ ಹೇಳಿದಿ?"

"ಮರದಿನಾ ಮುಂಜಾನೆ ಹೇಳಿದ್ನಿ."

"ಏನಂದ್ರು?"

"ಏನೂ ಅನ್ಲಿಲ್ರಿ. ಚಹಾ ಕುಡದ್ರು."

"ಆ ಹುಡುಗಿ ಜ್ವರದಾಗ ಎರಡ ಸಲ ಬಂದ್ಲು. ನೀನೂ ಅಲ್ಲೇ ಇದ್ದಿ. ಆಕಿ ಅತ್ತಿ ಕಿವ್ಯಾಗರ ಒಂದ ಮಾತು ಹಾಕಬೇಕಿಲ್ಲ?"

"ಅವರ ಕೈಗುಣಾ ಅಂಥಾದ್ರಿ," ಎಂದಳು ಮರೆವ್ವ. "ಅವರು ಮುಟ್ಟಿದ ಹೊಟ್ಟ್ಯಾಗ ಕೆಟ್ಟದ್ದು ಉಳಿಯಾಕಿಲ್ಲ, ತಾನ ಕರಗತೈತಿ ಅಂದ್ಕೊಂಡ್ನಿ. ಖರೇ ಹೇಳ್ತೇನ್ರಿ, ನಾ ಹಂಗ ಅಂದ್ಕೊಂಡ್ನಿ."

ಸಂಜೆ ಜಹೀರುದ್ದೀನ ಮತ್ತೆ ಆಸ್ಪತ್ರೆಗೆ ಹೋದಾಗ ಡಾಕ್ಟರು ಮೇಜಿನ ಮೇಲೆ ಎರಡೂ ಕೈ ಇಟ್ಟುಕೊಂಡು ಕುಳಿತಿದ್ದರು. ಅರಿವೆ ಸಿಕ್ಕ ಸುದ್ದಿ ಬಸ್ಸಿನವರಿಂದ ಅವರಿಗೆ ಆಗಲೇ ಮುಟ್ಟಿತ್ತು.

"ಯಾವ ಸರ್ಜನ್ನನಿಗೂ ಆಗಬಹುದಾದದ್ದು," ಎಂದರು ಅವರು. "ನನಗೆ ತಿಳಿದಿರಲಿಲ್ಲ. ಆಯಾ ಹೇಳುವುದು ಸುಳ್ಳು."

"ಆಯಾ ಏನು ಹೇಳ್ಯಾಳಂತ ನಾ ಇನ್ನೂ ಹೇಳಿಲ್ರಿ."

ಡಾಕ್ಟರು ಎಡಗೈಯನ್ನು ಬಲಗೈಯ ಪಟ್ಟಿಯ ಮೇಲಿಟ್ಟರು.

"ಆಕಿದ ಬಿಡ್ರಿ. ನಿಮಗ ತಿಳಿದಿದ್ದಿಲ್ಲ ಅಂದ್ರ ಕುಣಿ ಯಾಕ ತಗದ್ರಿ? ಹೊಟ್ಟ್ಯಾಗ ಏನೂ ಇಲ್ಲ ಅನ್ನಾಂವಗ ಹೆಣದ ಗರಜು ಇರೂದಿಲ್ಲ. ನಮ್ಮ ಹವಾಲ್ದಾರ ಬಂದು ಕೇಳಿ ಹೋದ. ಹೆಣಾ ತಗಸತಾರಂತ ನಿಮಗ ಅಂಜಿಕಿ ಆತು. ಅದಕ್ಕೂ ಮೊದಲ ಅರಿವಿ ತಗೀಬೇಕಂತ ಹೋದ್ರಿ." ಜಹೀರುದ್ದೀನ ಪಟ್ಟಿ ಸುತ್ತಿದ ಕೈಯತ್ತ ನೋಡಿದರು. "ಬಿಚ್ಚರಿ."

ಬಿಚ್ಚಲು ಬಹಳ ಹೊತ್ತು ಹಿಡಿಯಿತು. ಸುಟ್ಟ ಗಾಯವಿರಲಿಲ್ಲ. ಬೆರಳುಗಳ ಬುಡದುದ್ದಕ್ಕೂ ಬೊಬ್ಬೆ ಎದ್ದು ಒಡೆದಿದ್ದವು. ಸಲಿಕೆ ಹಿಡಿದು ರೂಢಿಯಿಲ್ಲದ ಕೈ.

ಡಾಕ್ಟರು ತಮ್ಮ ಅಂಗೈಯನ್ನೇ ನೋಡುತ್ತಿದ್ದರು. ಹೊರಗೆ ಒಂದು ಕೂಸು ಅತ್ತು ಸುಮ್ಮನಾಯಿತು.

"ಒಂದು ಕೇಳುತ್ತೇನೆ," ಎಂದರು. ದನಿ ಇಳಿದುಹೋಗಿತ್ತು. "ಎದೆ ಮುಳುಗುವ ತನಕ ಅಗೆದೆ. ಗಟ್ಟಿ ನೆಲ ಬಂತು. ಅಲ್ಲಿ ಯಾರೂ ಇರಲಿಲ್ಲ. ಗವಸು ಹಾಕಿಕೊಂಡು ಕೈಯಿಂದ ತಡವಿದೆ. ಯಾರೂ ಇರಲಿಲ್ಲ. ನಾನು ಇಂಥದ್ದನ್ನೆಲ್ಲ ನಂಬುವವನಲ್ಲ. ಹೇಗೆ ಮೇಲೆ ಬಂದೆನೋ, ಗವಸು ಎಲ್ಲಿ ಬಿತ್ತೋ ತಿಳಿಯದು. ಅಂದಿನಿಂದ ಕಣ್ಣು ಮುಚ್ಚಿದರೆ ಆ ಬರಿಗುಣಿ. ಎಲ್ಲಿ ಹೋಗಿದ್ದಳು ಅವಳು?"

"ಎಲ್ಲೂ ಹೋಗಿದ್ದಿಲ್ಲ. ನಿಮ್ಮ ಬಾಜೂಕ ಕುಂತಿದ್ಲು," ಎಂದರು ಜಹೀರುದ್ದೀನ. "ಇಲ್ಲಿ ಗೂಡಿನ್ಯಾಗ ಕುಂಡ್ರಸ್ತಾರ. ನಿಮ್ಮ ಮಗ್ಗಲಿಗೆ ಒಂದ ಗೇಣು ಆಚೆ ಇದ್ಲು, ನೀವು ಅಗಿಯೂದನ್ನ ನೋಡಿಕೋತ."

ಡಾಕ್ಟರು ಎದ್ದು ನಿಂತರು, ಮತ್ತೆ ಕುಳಿತರು. ಆಮೇಲೆ ಅವರಾಗಿಯೇ ಹಿತ್ತಿಲಿಗೆ ನಡೆದು, ಕಟ್ಟಿಗೆ ಒಟ್ಟಿಲ ಹಿಂದಿದ್ದ ಸಲಿಕೆ ತೋರಿಸಿದರು. ಅಂಚಿಗೆ ಎರೆಮಣ್ಣು ಅಂಟಿ ಒಣಗಿತ್ತು. ಪೊಲೀಸರೆದುರು ಆಡಿದ ಮಾತು ಕೋರ್ಟಿನಲ್ಲಿ ನಿಲ್ಲದು. ಅವರು ತೋರಿಸಿ ಸಿಕ್ಕ ಸಲಿಕೆ ನಿಲ್ಲುತ್ತದೆ. ಜಹೀರುದ್ದೀನ ಪಂಚರನ್ನು ಕರೆಸಿ ಜಪ್ತಿ ಪಂಚನಾಮೆ ಮಾಡಿಸಿದರು. ಕಲಂ 297ಕ್ಕೆ ನಿರ್ಲಕ್ಷ್ಯದಿಂದ ಸಾವು ತಂದ 304-ಎ, ಸಾಕ್ಷ್ಯನಾಶದ 201 ಸೇರಿದವು. ಸಂಜೆ 6-30ಕ್ಕೆ ದಸ್ತಗಿರಿ ಆಯಿತು.

ಜಗಲಿಯ ಹೆಂಗಸರು ಎದ್ದು ದಾರಿ ಬಿಟ್ಟರು. ತುಂಬಿದ ಬಸುರಿಯೊಬ್ಬಳು ಬೀರಲಿಂಗಪ್ಪನನ್ನು ತಡೆದು, "ಸಾಹೇಬ್ರು ಯಾವಾಗ ಬರತಾರ್ರಿ? ನನ್ನ ದಿನಾ ತುಂಬ್ಯಾವು. ಇವರ ಕೈ ಬಿಟ್ಟು ಬ್ಯಾರೆಯವರ ಕಡೆ ನಾ ಒಲ್ಲೆ," ಎಂದಳು. ಬೀರಲಿಂಗಪ್ಪ ಜೀಪು ಹತ್ತಿದ.

ಠಾಣೆಯಲ್ಲಿ ಡಾಕ್ಟರು ಉಳಿದದ್ದನ್ನೂ ಹೇಳಿದರು. ಎರಡನೇ ಸಲ ಹೊಟ್ಟೆ ಒತ್ತಿದಾಗ ಬೆರಳಿಗೆ ಅರಿವೆ ಸಿಕ್ಕಿತ್ತು. ಆ ದಿನವೇ ತೆರೆದು ತೆಗೆದಿದ್ದರೆ ಅವಳು ಬದುಕುತ್ತಿದ್ದಳು. ಅದು ಅವರಿಗೆ ಆಗಲೂ ಗೊತ್ತಿತ್ತು. ಆದರೆ ಒಮ್ಮೆ ಕೊಯ್ದ ಹೊಟ್ಟೆಯನ್ನು ಮಾಜಾಳಿಕರರು ಮತ್ತೆ ಕೊಯ್ದರು ಎಂಬ ಮಾತು ಸಂತೆಯಿಂದ ಸಂತೆಗೆ ಹೋಗುತ್ತದೆ, ಕೈಗುಣ ಹೋಯಿತು ಎನ್ನುತ್ತಾರೆ. ಬಂದ ಹೊಸದರಲ್ಲಿ ಅವರು ಆ ಮಾತಿಗೆ ನಗುತ್ತಿದ್ದರು. ಹನ್ನೆರಡು ವರ್ಷ ಹೆಂಗಸರು ಆ ಕೈಯನ್ನು ಕಣ್ಣಿಗೊತ್ತಿಕೊಂಡಿದ್ದರು. ಯಾವಾಗಿನಿಂದ ತಾವೂ ಅದನ್ನು ನಂಬತೊಡಗಿದೆವೆಂದು ಅವರಿಗೇ ತಿಳಿದಿರಲಿಲ್ಲ. ತಮ್ಮ ಕೈ ಬಿದ್ದದ್ದು ತಾನೇ ಸರಿಹೋದೀತು ಎಂದು ಅವರು ಕಾದರು.

ಮರುದಿನ ಸಾಕ್ಷಿ ಹೇಳಿಕೆಗೆ ಬಂದ ಸುಶೀಲವ್ವ, ಮಲ್ಲಕ್ಕ ಠಾಣೆಯ ಹೊರಗಿನ ಒಂದೇ ಬೆಂಚಿನ ಎರಡು ತುದಿಗೆ ಕುಳಿತಿದ್ದರು. ಕೂಸು ಸುಶೀಲವ್ವನ ಮಡಿಲಲ್ಲಿ ಕಾಲು ಮಡಚಿ ಅಳುತ್ತಿತ್ತು. ತೊಡೆ ಅಲುಗಾಡಿಸಿದರೂ, ಹೆಗಲಿಗೆ ಹಾಕಿಕೊಂಡರೂ ನಿಲ್ಲಲಿಲ್ಲ.

"ಎರಡ ದಿನಾ ಆತು ಹಿಂಗ," ಎಂದಳು ಸುಶೀಲವ್ವ, ಯಾರಿಗೂ ಅಲ್ಲವೆಂಬಂತೆ. "ಹೊಟ್ಟಿ ಬಿಗದೈತಿ."

ಮಲ್ಲಕ್ಕ ಕೂಸಿನ ಕಡೆ ನೋಡಿ, "ಬಜಿ ಬೇರು ತೇಯ್ದು ನೆಕ್ಕಸ್ರಿ," ಎಂದಳು. "ಸ್ವಲ್ಪ. ಉಗುರಿಗೆ ಹತ್ತುವಷ್ಟು."

"ಎಷ್ಟು ತೇಯೂದು ನನಗ ಗೊತ್ತಾಗಂಗಿಲ್ಲ." ಸುಶೀಲವ್ವ ಕೂಸನ್ನು ಇನ್ನೊಂದು ಹೆಗಲಿಗೆ ಬದಲಿಸಿ, ಮುಖ ತಿರುಗಿಸಿಕೊಂಡೇ ಹೇಳಿದಳು. "ಸಂಜಿ ಬಸ್ಸಿಗೆ ನನ್ನ ಜೋಡಿ ಬರ್ರಿ. ನೀವ ತೇಯ್ದು ಹಾಕ್ರಿ."